ಗೆರೆಯ ಹೊರಗಿನ ಗಂಟಲು

ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದವನಲ್ಲ, ಕಬಡ್ಡಿಗೆ ಒದರಿದವನು. ಹೀಗೆಂದರೆ ಜನ ನಗುತ್ತಾರೆ. ಆಡಿದವರ ಹತ್ತಿರ ಸರ್ಟಿಫಿಕೇಟು ಇರುತ್ತದೆ, ಪ್ರಿನ್ಸಿಪಾಲರನ್ನು ನಡುವೆ ಕೂಡಿಸಿ ತೆಗೆಸಿದ ಗ್ರೂಪ್ ಫೋಟೊ ಇರುತ್ತದೆ, ಮೋಡ ಕವಿದರೆ ಈಗಲೂ ಹಿಡಿದುಕೊಳ್ಳುವ ಒಂದು ಮೊಣಕಾಲು ಇರುತ್ತದೆ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸು ಅಂತ ನೌಕರಿಯೂ ಆಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ನಮ್ಮ ಕಡೆಯ ಹುಡುಗರಿಗೆ ಅದರ ತಂಡಕ್ಕೆ ಆಯ್ಕೆಯಾಗಿ, ಬ್ಲೇಜರ್ ಪಡೆದು 'ಯೂನಿವರ್ಸಿಟಿ ಬ್ಲೂ' ಆಗುವ ಆಸೆ ಚಿಗುರಿತು. ಹಾಗೆ ಬ್ಲೂ ಆದ ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಆ ಬ್ಲೇಜರನ್ನು ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಮೈಮೇಲಿಂದ ಇಳಿಸಲಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ತೀನ್ ಕಂದೀಲಿನಿಂದ ಸ್ಟೇಶನ್‌ವರೆಗೆ ಠೀವಿಯಿಂದ ನಡೆದು ಹೋಗಿ, ಅಷ್ಟೇ ಠೀವಿಯಿಂದ ವಾಪಸ್ ಬರುತ್ತಿದ್ದ.

ಒದರಿದವನ ಪಾಲಿಗೆ ಬಂದದ್ದು ಕಟ್ಟಿದ ಗಂಟಲು, ಅವ್ವ ಉಪ್ಪು ಹಾಕಿ ಕೊಟ್ಟ ಬಿಸಿನೀರು, ಮತ್ತು "ಅಲ್ಲಿ ಹೋಗಿ ಒದರೋ ಬದ್ಲಿ ಮನ್ಯಾಗ ಕುಂತು ಒದರಿ ಓದಿದ್ರ ಪಾಸರ ಆಗ್ತಿದ್ದಿ" ಎಂಬ ಅಪ್ಪನ ಆಶೀರ್ವಾದ. ಬ್ಲೇಜರ್ ಇಲ್ಲ, ಬ್ಲೂ ಇಲ್ಲ. ಗಂಟಲಿಗೆ ಯಾವ ಕೋಟಾನೂ ಇಲ್ಲ.

ಹಾಗಂತ ನಮ್ಮದು ಬರೀ ಬಾಯಿಚಟ ಎಂದು ಯಾರೂ ತಿಳಿಯಬಾರದು. ನಮ್ಮ ಸೀಮೆಯಲ್ಲಿ ಒದರುವುದಕ್ಕೆ ಪರಂಪರೆ ಇದೆ. ಎರಿಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವನನ್ನು ಬುತ್ತಿಗೆ ಕರೆಯಬೇಕಾದರೆ ಒದರಲೇಬೇಕು. ಆ ಬಯಲಿನಲ್ಲಿ ಮೆಲ್ಲಗೆ ಮಾತಾಡಿದ್ದು ಗಾಳಿಗೆ ಹೋಗುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಹಿಂದೆ ಓಡುತ್ತ ಒದರಬೇಕು, ತೇರು ಕದಲುವಾಗ ಒದರಬೇಕು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಸದ್ದಿಗೆ ಹೆಜ್ಜೆ ಹಾಕುತ್ತ ಒದರಬೇಕು. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಹಬ್ಬವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟನ್‌ಗಟ್ಟಲೆ ತೂಕದ ಕಲ್ಲು, ಅದಕ್ಕೆ ಹೂಡಿದ ಜೋಡಿ ಎತ್ತು, ಸುತ್ತ ಕಿಕ್ಕಿರಿದ ಮಂದಿ. ಆಂಧ್ರ, ತೆಲಂಗಾಣದಿಂದಲೂ ಲಾರಿಯಲ್ಲಿ ಎತ್ತು ಬರುತ್ತವೆ. ನಿಗದಿತ ವೇಳೆಯಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದಕ್ಕೆ ಬಹುಮಾನ. ಆದರೆ ಅಲ್ಲಿ ನಿಂತು ನೋಡಿದರೆ ಕಲ್ಲನ್ನು ಎಳೆಯುತ್ತಿರುವುದು ಎತ್ತೋ ಮಂದಿಯ ಗಂಟಲೋ ಎಂದು ಅನುಮಾನ ಬರುತ್ತದೆ. ಬಹುಮಾನವಂತೂ ಎತ್ತಿಗೇ.

ಇನ್ನೂ ಹಳೆಯ ಸಾಕ್ಷಿ ಬೇಕಾದವರು ರಾಯಚೂರಿನ ಕೋಟೆ ಗೋಡೆಯ ಕಡೆ ಹೋಗಬೇಕು. ಅಲ್ಲಿ ಕಾಕತೀಯರ ಕಾಲದ, 1294ರ ಶಾಸನದ ಕಲ್ಲೊಂದಿದೆ. ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರೆಂಬುದನ್ನೂ ಪಕ್ಕದಲ್ಲೇ ಕೊರೆದಿಟ್ಟಿದ್ದಾರೆ: ಬಂಡಿಯ ಮೇಲೆ ಕಲ್ಲು, ಬಂಡಿಗೆ ಸಾಲಾಗಿ ಹೂಡಿದ ಕೋಣಗಳು, ನಡುನಡುವೆ ಹೊಡೆಯುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಡುವವರು. ಆ ಆಳುಗಳು ಬಾಯಿ ಮುಚ್ಚಿಕೊಂಡು ಕೋಣ ಹೊಡೆದರೆಂದರೆ ನಾನು ನಂಬುವುದಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲಿ ಕಲ್ಲಿನಲ್ಲಿ ಹೆಸರಿಲ್ಲದೆ ಉಳಿದ ಮೊದಲ ಒದರಾಳಿಗಳು ಅವರೇ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನ ಸಲುವಾಗಿ ಯುದ್ಧವಾದಾಗ ಎದ್ದ ನಗಾರಿ, ಕಹಳೆ, ಕೇಕೆಗಳ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆಕಾಶವೇ ಕಳಚಿ ಬೀಳುತ್ತದೇನೋ ಅನ್ನಿಸುವಷ್ಟು ಗದ್ದಲವಂತೆ. ಅದನ್ನು ಓದಿದಾಗ ನನಗೆ ಹೆಮ್ಮೆಯೇನೋ ಆಯಿತು. ಆದರೆ ನೂನಿಜ್ ದೇವದುರ್ಗದ ಕಬಡ್ಡಿ ಸೆಮಿಫೈನಲ್ ನೋಡಿದವನಲ್ಲ.

ಕಾಲೇಜಿನ ಒದರಾಟದಲ್ಲಿ ದರ್ಜೆಗಳಿದ್ದವು. ಪಿಯುಸಿಯಿಂದ ಆಗಷ್ಟೇ ಬಂದವನು 'ಹೋ' ಅಂತ ಮಾತ್ರ ಒದರಬೇಕು. ಅವನಿಗೆ ಆಟಗಾರರ ಹೆಸರು ಹಿಡಿದು ಕರೆಯುವ ಹಕ್ಕಿಲ್ಲ. ಎರಡನೇ ವರ್ಷಕ್ಕೆ ಬಂದವನು ಹೆಸರು ಕೂಗಬಹುದು. ಫೈನಲ್ ಇಯರಿನವನು ಸಲಹೆ ಕೊಡಬಹುದು: "ಬಲಗಾಲ ಹಿಡಿಯಲೇ", "ಕಾರ್ನರ್ ನೋಡಲೇ", "ಬೋನಸ್ ಬಿಡಬ್ಯಾಡಲೇ". ಜೀವನದಲ್ಲಿ ಒಮ್ಮೆಯೂ ಅಂಗಳಕ್ಕೆ ಇಳಿಯದವನ ಸಲಹೆಯೇ ಎಲ್ಲಕ್ಕಿಂತ ಖಚಿತವಾಗಿರುತ್ತಿತ್ತು. ಇವರೆಲ್ಲರ ಮೇಲೆ ಒಬ್ಬ ಇದ್ದ. ಅವನ ಕೆಲಸ ರೆಫರಿಯನ್ನು ವಿಚಾರಿಸಿಕೊಳ್ಳುವುದು. ಬೈಗುಳವಿಲ್ಲ, ಕೆಟ್ಟ ಮಾತಿಲ್ಲ. ಎಲ್ಲರೂ ಉಸಿರು ತೆಗೆದುಕೊಳ್ಳುವ ಆ ಒಂದು ಗಳಿಗೆಗೆ ಕಾದಿದ್ದು, "ಸಾಹೇಬ್ರಿಗೆ ಒಂದ್ ಕಪ್ ಚಾ ಕೊಡ್ರೆಪಾ, ನಿದ್ದಿ ಬಂದೈತಿ" ಅನ್ನುತ್ತಿದ್ದ. ರೆಫರಿಯೂ ನಕ್ಕುಬಿಡುತ್ತಿದ್ದರು, ನಕ್ಕು, ಮುಂದಿನ ಪಾಯಿಂಟನ್ನು ನಮ್ಮ ವಿರುದ್ಧವೇ ಕೊಡುತ್ತಿದ್ದರು. ಆ ಹುಡುಗ ಮುಂದೆ ಬಸ್ ಕಂಡಕ್ಟರ್ ಆದ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಅವನು "ಮಾನ್ವಿ, ಸಿಂಧನೂರ, ಮಾನ್ವಿ, ಸಿಂಧನೂರ" ಎಂದು ಶುರು ಮಾಡಿದರೆ ಲಿಂಗಸುಗೂರಿಗೆ ಹೋಗಬೇಕಾದವರೂ ಹತ್ತಿ ಕೂತು ಆಮೇಲೆ ಇಳಿಯುತ್ತಿದ್ದರು ಎಂದು ಪ್ರತೀತಿ.

ಇನ್ನು ದೇವದುರ್ಗ. ಅಲ್ಲಿ ಇಂಟರ್ ಕಾಲೇಜ್ ಟೂರ್ನಮೆಂಟ್ ಎಂದರೆ ರಾಯಚೂರಿನಿಂದ ಕೆಂಪು ಬಸ್ಸು ಹತ್ತಿ ಹೊರಟ ಆಟಗಾರರಿಗಿಂತ ನಮ್ಮದೇ ತಯಾರಿ ಜೋರು. ಗಬ್ಬೂರು ದಾಟುವ ಹೊತ್ತಿಗೆ ಗಂಟಲು ಬೆಚ್ಚಗಾಗಿರುತ್ತಿತ್ತು. ಕಿಟಕಿಯಾಚೆ ಹತ್ತಿ ಹೊಲದಲ್ಲಿ ಬಗ್ಗಿದ ಹೆಣ್ಣುಮಕ್ಕಳು ಎದ್ದು ನಿಂತು, ಇದು ದಿಬ್ಬಣವೋ ಚುನಾವಣೆಯೋ ಎಂದು ನೋಡುತ್ತಿದ್ದರು. ಹೋಗಿ ನೋಡಿದರೆ ನಮ್ಮ ಎಲ್ಲ ಪೌರುಷವನ್ನೂ ಒಂದೇ ಏಟಿಗೆ ಇಳಿಸುವ ವಸ್ತುವೊಂದು ದೇವದುರ್ಗದವರ ಬಳಿ ಇತ್ತು: ಹಲಗೆ.

ಮೊಹರಮ್ಮಿಗೆ ಬಾರಿಸುವ ಅದೇ ಹಲಗೆ, ಅದೇ ಕೈಗಳು. ಅಂಗಳದ ಮೂಲೆಯಲ್ಲಿ ಸೊಪ್ಪಿ ರಾಶಿ ಹಾಕಿ ಬೆಂಕಿ ಹಚ್ಚಿ, ಹಲಗೆಯನ್ನು ಹಿಂದುಮುಂದು ತಿರುವುತ್ತ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಯಿತೋ ಇಲ್ಲವೋ ಎಂದು ಬೆರಳ ತುದಿಯಿಂದ ತಟ್ಟಿ, ಕಿವಿ ಹತ್ತಿರ ತಂದು, ಸಾಲದು ಅನ್ನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ನಮ್ಮ ಕಡೆ ಏಳು ಜನ ಆಡುವ ಹುಡುಗರು ವಾರ್ಮ್ ಅಪ್ ಮಾಡುವುದಕ್ಕಿಂತ ಹೆಚ್ಚು ಹೊತ್ತು ಅವರ ಹಲಗೆ ವಾರ್ಮ್ ಅಪ್ ಮಾಡುತ್ತಿತ್ತು. ಆಮೇಲೆ ಹೊಡೆಯಲು ಶುರು ಮಾಡಿದರೆ ಎದೆಗೂಡಿನೊಳಗೇ ಯಾರೋ ಬಡಿದಂತಾಗುತ್ತಿತ್ತು. ನಮ್ಮ ಒದರಾಟ ನಮಗೇ ಕೇಳುತ್ತಿರಲಿಲ್ಲ.

ಇಲ್ಲೊಂದು ನಿಯಮದ ಮಾತು. ಕಬಡ್ಡಿ ಎಂಬುದು ಆಟಗಾರನ ದನಿಯನ್ನೇ ಆಟದ ಭಾಗ ಮಾಡಿಕೊಂಡ ಆಟ. ದಾಳಿಗೆ ಹೋದವನು 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಇರಬೇಕು, ಅದು ಅಂಪೈರಿಗೆ ಕೇಳಿಸಬೇಕು, ದಮ್ಮು ಮುರಿದರೆ ಔಟ್. ಜಗತ್ತಿನ ಚೆಂಡಾಟಗಳಲ್ಲಿ ಮಂದಿ ಎಷ್ಟು ಗದ್ದಲ ಮಾಡಿದರೂ ಚೆಂಡಿಗೆ ಕಿವಿಯಿಲ್ಲ. ಕಬಡ್ಡಿಯಲ್ಲಿ ಹಾಗಲ್ಲ. ಅವತ್ತು ದೇವದುರ್ಗದಲ್ಲಿ ಆದದ್ದು ಅದೇ. ಅವರ ಹುಡುಗ ದಾಳಿಗೆ ಬಂದ. ಹಲಗೆ ಮುಗಿಲು ಮುಟ್ಟಿತು. ಅವನು ಅಂದನೋ ಇಲ್ಲವೋ ದೇವರಿಗೇ ಗೊತ್ತು. ಅಂಪೈರು ಮೊದಲು ಕುತ್ತಿಗೆ ಚಾಚಿದರು, ಆಮೇಲೆ ಸೊಂಟ ಬಗ್ಗಿಸಿದರು, ಕಡೆಗೆ ಸ್ಟೆತಾಸ್ಕೋಪ್ ಮರೆತು ಬಂದ ಡಾಕ್ಟರರ ಹಾಗೆ ಅವನ ಬೆನ್ನಿಗೇ ಕಿವಿಯಿಟ್ಟುಕೊಂಡು ಓಡಾಡಿದರು. ಏನೂ ಕೇಳದೆ ಸೀಟಿ ಊದಿ ಔಟ್ ಕೊಟ್ಟರು. ಹುಡುಗ ಮೈಯೆಲ್ಲ ಮಣ್ಣಾಗಿ ನಿಂತು, "ನಾ ಅಂತಿದ್ನಿ ಸರ, ನಮ್ಮ ಮಂದೀನ ಕೇಳಗೊಡಲಿಲ್ರಿ" ಎಂದ. ಅಂಪೈರು, "ಹಂಗಾರ ನಿಮ್ಮ ಮಂದಿನ್ನ ಕೇಳು" ಎಂದರು.

ಆಮೇಲೆ ನಡೆದದ್ದಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ. ಹಲಗೆಯವರಲ್ಲಿ ಹಿರಿಯ ಒಬ್ಬ ಇದ್ದ, ತಲೆಗೆ ಟವೆಲ್ ಸುತ್ತಿಕೊಂಡವನು. ಅವನು ಉಳಿದವರಿಗೆ ಏನೋ ಹೇಳಿದ. ಮುಂದಿನ ದಾಳಿಗೆ ಅವರ ಹುಡುಗ ಎದ್ದಾಗ ಹಲಗೆ ಮೆಲ್ಲಗೆ ಶುರುವಾಯಿತು. ಅವನು ನಡುಗೆರೆಯ ಕಡೆ ಬಂದಂತೆ ಏರಿತು. ಅವನ ಕಾಲು ಗೆರೆ ದಾಟಿದ್ದೇ ತಡ, ಕಡ್ಡಿಗಳು ಅಷ್ಟೂ ಒಟ್ಟಿಗೆ ನಿಂತವು. ಅಂಗಳಕ್ಕೆ ಅಂಗಳವೇ ಸುಮ್ಮನಾಯಿತು. ಅಷ್ಟು ಮಂದಿಯ ನಡುವೆ ಒಬ್ಬನೇ ಹುಡುಗನ 'ಕಬಡ್ಡಿ ಕಬಡ್ಡಿ' ಮಾತ್ರ ಕೇಳುತ್ತಿತ್ತು, ಅವನ ಬರಿಗಾಲು ಮಸಾರಿ ಮಣ್ಣಿನಲ್ಲಿ ಜಾರುವ ಸದ್ದೂ ಕೇಳುತ್ತಿತ್ತು. ನಮ್ಮವರಲ್ಲಿ ಇಬ್ಬರನ್ನು ಮುಟ್ಟಿ, ಹಿಂದಕ್ಕೆ ಹಾರಿ ಅವನ ಕೈ ಗೆರೆಗೆ ತಾಗಿತೋ ಇಲ್ಲವೋ, ನಿಂತ ಹಲಗೆಗಳೆಲ್ಲ ಒಮ್ಮೆಗೇ ಸಿಡಿದವು. ನಮ್ಮ ಪೈಕಿ ಒಬ್ಬ, ಸೋಲುತ್ತಿದ್ದೇವೆ ಎಂಬುದನ್ನೂ ಮರೆತು ಸಿಳ್ಳೆ ಹೊಡೆದ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನೊಂದಿಗೆ ಯಾರೂ ಮಾತಾಡಲಿಲ್ಲ. ಗಬ್ಬೂರಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನಲು ಇಳಿದಾಗ ಅವನೇ ಎಲ್ಲರ ದುಡ್ಡು ಕೊಟ್ಟು ರಾಜಿ ಮಾಡಿಕೊಂಡ.

ಮಾನ್ವಿಯ ಕತೆ ಬೇರೆ. ಅದು ನನ್ನ ಊರು, ಹಾಗಾಗಿ ಅಲ್ಲಿ ನನ್ನ ನಿಷ್ಠೆ ಯಾವತ್ತೂ ಗೊಂದಲದಲ್ಲೇ ಇರುತ್ತಿತ್ತು. ರಾಯಚೂರಿನ ಕಾಲೇಜಿಗೆ ಆಡುವ ಮಾನ್ವಿ ಹುಡುಗ ಮಾನ್ವಿಗೇ ಬಂದು ಮಾನ್ವಿ ಕಾಲೇಜಿನ ಮೇಲೆ ಆಡಿದರೆ ಊರ ಮಂದಿ ಯಾರ ಪರ ಒದರಬೇಕು? ಇದಕ್ಕೆ ಯಾವ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೂ ಉತ್ತರವಿಲ್ಲ. ಒಂದು ವರ್ಷ ಹಾಗೇ ಆಯಿತು. ಹುಡುಗ ಪಾಯಿಂಟ್ ತಂದರೆ 'ನಮ್ಮೂರ ಹುಲಿ' ಎಂದು ಮಂದಿ ಕುಣಿಯಿತು. ಅವನನ್ನು ಹಿಡಿದು ಕೆಡವಿದಾಗ 'ನಮ್ಮ ಕಾಲೇಜ ಗೆದ್ದೈತಿ' ಎಂದು ಅದೇ ಮಂದಿ ಅಷ್ಟೇ ಕುಣಿಯಿತು. ಎದ್ದರೂ ಚಪ್ಪಾಳೆ, ಬಿದ್ದರೂ ಚಪ್ಪಾಳೆ. ಹುಡುಗ ಪಾಪ, ತಾನು ಆಡುತ್ತಿರುವುದು ಯಾರಿಗಾಗಿ ಎಂದು ತಿಳಿಯದೆ ಪ್ರತಿ ಸಲ ಮಂದಿಯ ಕಡೆ ತಿರುಗಿ ನೋಡುತ್ತಿದ್ದ. ಕಾಲುವೆ ಕೆಳಗಿನ ಆಂಧ್ರ ವಲಸಿಗರ ಕ್ಯಾಂಪುಗಳಿಂದ ಬಂದ ಹುಡುಗರು ತೆಲುಗಿನಲ್ಲಿ ಅವನಿಗೆ ಧೈರ್ಯ ಹೇಳುತ್ತಿದ್ದರು, ಪೇಟೆಯ ಹುಡುಗರು ಉರ್ದುವಿನಲ್ಲಿ. ಅವನ ಸೋದರಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ಭತ್ತದ ಗದ್ದೆಯಿಂದ ನೆಟ್ಟಗೆ ಬಂದವರು, ಮೊಣಕಾಲವರೆಗೂ ಕೆಸರು. "ಏನ್ ಮಾಮಾ, ನೀವು ಯಾ ಕಡಿ?" ಎಂದು ಕೇಳಿದೆ. ಮಾಮಾ ಬಹಳ ಯೋಚಿಸಿ ಹೇಳಿದರು: "ಹುಡುಗ ಗೆಲ್ಲಬೇಕಪಾ, ಅವನ ಕಾಲೇಜ ಸೋಲಬೇಕು."

ಇದನ್ನು ನಾನು ಆಗ ಹಳ್ಳಿಯ ತಮಾಷೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಮಾಮಾ ಇಡೀ ಅಂಗಳದ ಮಾತನ್ನು ಆಡಿದ್ದರು. ಅಲ್ಲಿ ಕಾಲೇಜಿನ ಹೆಸರು ಅಂಗಿಯ ಮೇಲಿದ್ದದ್ದು ನೆಪಕ್ಕೆ. ಮಂದಿ ಒದರುತ್ತಿದ್ದದ್ದು ಓಣಿಗೆ, ಊರಿಗೆ, ಇಂಥವರ ಮಗ, ಇಂಥವರ ಮೊಮ್ಮಗ ಎಂಬುದಕ್ಕೆ. ಹೆಸರೇ ಗೊತ್ತಿಲ್ಲದ ಆಟಗಾರನಿಗೆ ಒದರಬೇಕಾಗಿ ಬಂದರೆ ಮೊದಲು ಪಕ್ಕದವನನ್ನು ವಿಚಾರಿಸುತ್ತಿದ್ದರು: "ಇವ ಯಾರ ಪೈಕಿ?" ಸಂಬಂಧ ಗೊತ್ತಾದ ಮೇಲೇ ಬಾಯಿ ತೆರೆಯುತ್ತಿತ್ತು. ಸಂಬಂಧ ಸಿಗದಿದ್ದರೆ ಹುಡುಕಿ ಹಚ್ಚುತ್ತಿದ್ದರು, ನೀರಮಾನ್ವಿ ಜಾತ್ರೆಯಲ್ಲಿ ಇವನ ಕಾಕಾ ನಮ್ಮ ಗಾಡಿ ಪಕ್ಕದಲ್ಲೇ ಬಿಡಾರ ಹೂಡಿದ್ದ ಅನ್ನುವಷ್ಟಾದರೂ.

ರಾಯಚೂರು ಪಟ್ಟಣದ ಮೈದಾನದಲ್ಲಿ ಕ್ರಿಕೆಟ್ಟಿಗೆ ಈ ಅನುಕೂಲವಿರಲಿಲ್ಲ. ಅಲ್ಲಿ ಒದರುವವರು ಇಂಗ್ಲಿಷಿನಲ್ಲೇ ಶುರು ಮಾಡುತ್ತಿದ್ದರು, 'ವೆಲ್ ಬೋಲ್ಡ್', 'ಗುಡ್ ಶಾಟ್' ಅಂತ. ಕ್ಯಾಚು ಮೇಲೆದ್ದಾಗ ಮಾತ್ರ ಅವರವರ ಮನೆಯ ಮಾತು ತಾನಾಗಿ ಹೊರಬರುತ್ತಿತ್ತು. ಒಂದೇ ಚೆಂಡಿಗೆ "ಹಿಡಿಯಲೇ", "ಪಟ್ಟುರಾ", "ಪಕಡ್ ಬೇ" ಮೂರೂ ಒಟ್ಟಿಗೆ. ಫೀಲ್ಡರಿಗೆ ಮೂರೂ ಅರ್ಥವಾಗುತ್ತಿದ್ದವು, ಕ್ಯಾಚು ಮಾತ್ರ ಕೈಬಿಡುತ್ತಿತ್ತು. ಕ್ರಿಕೆಟ್ ಮಾತು ಬಂದಾಗ ಯರೇಗೌಡರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿ, ರೈಲ್ವೇಸಿಗೂ ಕರ್ನಾಟಕಕ್ಕೂ ಆಡಿ, ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ ಕಂಡವರು. ರೈಲ್ವೇಸ್ 2001-02ರಲ್ಲಿ ರಣಜಿ ಗೆದ್ದಾಗ ಆ ತಂಡದ ಬೆನ್ನೆಲುಬಾಗಿದ್ದವರು. ಇಷ್ಟು ಗದ್ದಲದ ಜಿಲ್ಲೆ ಕ್ರಿಕೆಟ್ಟಿಗೆ ಕೊಟ್ಟದ್ದು ಅಷ್ಟು ಸಮಾಧಾನದ ಬ್ಯಾಟ್ಸ್‌ಮನ್ನನ್ನು ಎಂಬುದು ನನಗೆ ಯಾವಾಗಲೂ ಸೋಜಿಗ. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುತ್ತ ಗಂಟೆಗಟ್ಟಲೆ ನಿಲ್ಲುವವರಿಗೆ ಒದರಾಳಿ ಏನಂತ ಒದರಬೇಕು? "ಬಿಡಲೇ, ಬಿಡಲೇ" ಅಂತಲೇ?

ಅಮೆರಿಕದವರು ಈ ವಿಷಯದಲ್ಲಿ ನಮಗಿಂತ ಶಿಸ್ತಿನವರು. ಅಲ್ಲಿ ಕಾಲೇಜಿನ ಒದರಾಟಕ್ಕೂ ಚರಿತ್ರೆ ಬರೆದಿಟ್ಟಿದ್ದಾರೆ. ಕ್ಯಾನ್ಸಸ್ ವಿಶ್ವವಿದ್ಯಾಲಯದವರು ಇಂದಿಗೂ ಹಾಕುವ ಘೋಷಣೆಯೊಂದನ್ನು 1886ರಲ್ಲಿ ಕಟ್ಟಿಕೊಟ್ಟವರು ಬೈಲಿ ಎಂಬ ಪ್ರೊಫೆಸರು, ಅದೂ ರಸಾಯನಶಾಸ್ತ್ರದವರು. ನಮ್ಮ ಕೆಮಿಸ್ಟ್ರಿ ಸರ್ ಮೈದಾನದಲ್ಲಿ ನಮ್ಮನ್ನು ಕಂಡರೆ ಘೋಷಣೆಯ ಬದಲು ಪ್ರಾಕ್ಟಿಕಲ್ ರೆಕಾರ್ಡ್ ಎಲ್ಲಿ ಎಂದು ಕೇಳುತ್ತಿದ್ದರು. ಮಿನ್ನೆಸೋಟಾದಲ್ಲಿ 1898ರ ನವೆಂಬರಿನಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಸುಮ್ಮನೆ ಕೂತಿದ್ದ ಮಂದಿಯ ಎದುರು ನಿಂತು ಒದರಿಸಿದ. ಅವನೇ ಮೊದಲ ಚಿಯರ್ ಲೀಡರ್ ಎಂದು ಲೆಕ್ಕ. ಸುಮ್ಮನೆ ಕೂತ ಮಂದಿಯನ್ನು ಒದರಿಸಲು ಒಬ್ಬ ಬೇಕಾಗಿತ್ತು ಎಂದರೆ ಅದೆಂಥ ಊರಪ್ಪ ಎಂದು ದೇವದುರ್ಗದವರು ಕೇಳಿಯಾರು. ಅಲ್ಲಿ ಒಬ್ಬ ಬೇಕಾಗಿದ್ದದ್ದು ಸುಮ್ಮನಾಗಿಸಲಿಕ್ಕೆ.

ಹುಡುಗಿಯರ ಆಟಕ್ಕೆ ನಾವು ಒದರುವ ಹಾಗಿರಲಿಲ್ಲ. ಖೋಖೋ ನಡೆದರೆ ಪ್ರಿನ್ಸಿಪಾಲರ ಕುರ್ಚಿಯ ಹಿಂದೆ, ಕೈಕಟ್ಟಿ ನಿಲ್ಲಬೇಕು. ಚಪ್ಪಾಳೆಗೆ ಅಡ್ಡಿಯಿಲ್ಲ, ಅದೂ ಅಳತೆ ಮೀರಿದರೆ ಫಿಜಿಕಲ್ ಡೈರೆಕ್ಟರ್, ಅಂದರೆ ನಮ್ಮ ಪಿ.ಡಿ. ಸರ್, ತಿರುಗಿ ನೋಡುತ್ತಿದ್ದರು. ಖೋಖೋ ಕೂಡ ದನಿಯ ಆಟವೇ. ಬೆನ್ನು ಮುಟ್ಟಿ ಬಾಯಿಬಿಟ್ಟು 'ಖೋ' ಅಂದರೇನೇ ಕೂತವಳು ಏಳಬೇಕು. ಮೊದಲೇ ಎದ್ದರೆ ಫೌಲ್. ಇದು ಗೊತ್ತಿದ್ದ ಕಿಡಿಗೇಡಿಯೊಬ್ಬ ಹುಣಸೆ ಗಿಡದ ಹಿಂದಿನಿಂದ ತೆಳ್ಳಗೆ ದನಿ ಮಾಡಿ 'ಖೋ' ಅಂದ. ಎದುರಾಳಿ ತಂಡದ ಹೊಸ ಹುಡುಗಿ ಪಾಪ ಎದ್ದೇಬಿಟ್ಟಳು. ಸೀಟಿ, ಫೌಲ್, ಗಲಾಟೆ. ಪಿ.ಡಿ. ಸರ್ ಆಟ ನಿಲ್ಲಿಸಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ 'ಖೋ' ಅನ್ನಿಸಿದರು. ಗಡ್ಡ ಬಂದ ಹುಡುಗರೆಲ್ಲ ಸರದಿಯಂತೆ 'ಖೋ' ಅನ್ನುತ್ತಿದ್ದರೆ ಎರಡೂ ತಂಡದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳ್ಳ ಸಿಗಲಿಲ್ಲ. ಆ ಹುಡುಗಿ ಮಾತ್ರ ಆಮೇಲಿನ ಇಡೀ ಆಟದಲ್ಲಿ, ನಿಜವಾದ ಖೋಗೂ ಎರಡು ಸಲ ಯೋಚಿಸಿ ಏಳುತ್ತಿದ್ದಳು.

ಕೆಲಸ, ವರ್ಗಾವಣೆ, ಸಂಸಾರ ಅಂತ ಬಹಳ ವರ್ಷ ಮೈದಾನದ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಆಟ ಟಿ.ವಿ.ಗೆ ಬಂತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಮಣ್ಣು ಹೋಗಿ ಮ್ಯಾಟ್ ಬಂತು, ದಮ್ಮಿನ ಅಳತೆ ಹೋಗಿ 30 ಸೆಕೆಂಡಿನ ಗಡಿಯಾರ ಬಂತು. ಮ್ಯಾಟಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ಎಷ್ಟು ಮೊಣಕಾಲು ಉಳಿಸಿದೆ ಎಂಬುದು ನಮ್ಮ ಕಾಲದ ಆಟಗಾರರು ಮೆಟ್ಟಿಲು ಹತ್ತುವುದನ್ನು ನೋಡಿದರೆ ಗೊತ್ತಾಗುತ್ತದೆ. ಆದರೆ 2020ರಲ್ಲಿ ಕೊರೊನಾ ಕಾಲದ ಐಪಿಎಲ್ ಅರಬ್ ಎಮಿರೇಟ್ಸಿನ ಖಾಲಿ ಮೈದಾನಗಳಲ್ಲಿ ನಡೆದು, ಟಿ.ವಿ.ಯಲ್ಲಿ ರೆಕಾರ್ಡ್ ಮಾಡಿದ ಗದ್ದಲ ಹಾಕಿದರಲ್ಲ, ಅವತ್ತು ನನ್ನ ವೃತ್ತಿಗೌರವಕ್ಕೆ ಪೆಟ್ಟು ಬಿತ್ತು. ವಿಕೆಟ್ ಬಿದ್ದ ಅರೆಗಳಿಗೆಯ ಮೇಲೆ ಯಾರೋ ಬಟನ್ ಒತ್ತಿ ಒದರಿಸುತ್ತಿದ್ದರು. ಇನ್ನು ಬೆಂಗಳೂರಿನ ಐಪಿಎಲ್ ತಂಡಕ್ಕಾಗಿ 'ಈ ಸಲ ಕಪ್ ನಮ್ದೇ' ಎಂದು ವರ್ಷ ವರ್ಷವೂ ಒದರಿದವರ ತಾಳ್ಮೆಗೆ ನಾನು ಶರಣು. 2008ರಿಂದ ಕಾದು 2025ರ ಜೂನ್ 3ರಂದು ಅವರ ಕಪ್ಪು ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಒದರಲು ಹೋದ ಮಕ್ಕಳು. ಅಲ್ಲಿಗೆ ನನ್ನಂಥ ಕೂಗುಮಾರಿಗೂ ಬಾಯಿ ಕಟ್ಟುತ್ತದೆ.

ರಾಯಚೂರಿನಲ್ಲೊಮ್ಮೆ, ಕಚೇರಿಯೊಂದರ ಸರದಿಯಲ್ಲಿ ನಿಂತಿದ್ದೆ. ನಡುವೆ ನುಗ್ಗಿದವನೊಬ್ಬನಿಗೆ "ಸಾಲಾಗ ಬಾರಪಾ" ಎಂದು ಸ್ವಲ್ಪ ಜೋರಾಗಿ ಹೇಳಿದೆ. ಮುಂದೆ ನಿಂತಿದ್ದ ಎತ್ತರದ ಆಳೊಬ್ಬರು ಗಕ್ಕನೆ ತಿರುಗಿದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರ ಮೀಸೆ. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. "ಇನ್ನೊಮ್ಮೆ ಮಾತಾಡ್ರಿ" ಎಂದರು. ಏನು ಮಾತಾಡಲಿ ಎಂದೆ. ಅಷ್ಟೇ ಸಾಕಾಯಿತು ಅವರಿಗೆ. "ನೀವು ದೇವದುರ್ಗದಾಗ ಬಲಗಾಲ ಹಿಡಿಯಲೇ ಅಂತ ಒದರತಿದ್ರಿ ಹೌದಲ್ರಿ? ಹಿಡದಿದ್ದು ನನ್ನ ಕಾಲು!" ಹಲಗೆ ನಿಂತಾಗ ನಮ್ಮವರನ್ನು ಮುಟ್ಟಿ ಹೋದ ಅದೇ ಹುಡುಗ. ಟೀ ಕುಡಿಯುತ್ತ ಅವರು ಹೇಳಿದ್ದು ನನಗೆ ಹೊಸದು. ಅಂಗಳದೊಳಗಿದ್ದವನಿಗೆ ಗದ್ದಲ ಗದ್ದಲವಾಗಿ ಕೇಳುವುದಿಲ್ಲವಂತೆ. ಅದು ಒಂದು ಗೋಡೆ, ಸುತ್ತ ಇರುತ್ತದೆ ಅಷ್ಟೆ. ಆ ಗೋಡೆಯೊಳಗಿಂದ ಒಂದೋ ಎರಡೋ ದನಿ ಮಾತ್ರ ಬೇರೆಯಾಗಿ ಬಂದು ಕಿವಿಗೆ ಬೀಳುತ್ತವಂತೆ. "ಒಂದು ನಮ್ಮಣ್ಣಂದು, ಇನ್ನೊಂದು ನಿಮ್ದು. ಅಣ್ಣ ಹೋಗಿ ಭಾಳ ವರ್ಷ ಆತು. ನೀವರ ಸಿಕ್ರಲ್ಲ" ಎಂದರು. ಟೀಯ ದುಡ್ಡು ನಾನು ಕೊಡಹೋದರೆ ಬಿಡಲಿಲ್ಲ.

ಆ ಭೇಟಿಯ ಹುಮ್ಮಸ್ಸಿನಲ್ಲೇ ಇರಬೇಕು, ಮಾನ್ವಿಗೆ ಹೋದಾಗ ಕಾಲೇಜಿನ ಹೆಣ್ಣುಮಕ್ಕಳ ಖೋಖೋ ಇದೆ ಎಂದು ಕೇಳಿ ಮೈದಾನದ ಕಡೆ ಹೆಜ್ಜೆ ಹಾಕಿದೆ. ಪೆಂಡಾಲು, ಮೈಕು, ಆಳೆತ್ತರದ ಸ್ಪೀಕರು. ವೀಕ್ಷಕ ವಿವರಣೆಕಾರ ಉಸಿರು ಬಿಡದೆ ಮಾತಾಡುತ್ತಿದ್ದ. ನಡುವೆ ಸಮಯ ಸಿಕ್ಕಾಗ ಸಿನಿಮಾ ಹಾಡು. ಹುಡುಗರು ಒದರುತ್ತಿರಲಿಲ್ಲ, ಮೊಬೈಲ್ ಎತ್ತಿ ಹಿಡಿದಿದ್ದರು. ಆದರೆ ನಾನು ಅಂದುಕೊಂಡಷ್ಟು ಕೆಟ್ಟಿರಲಿಲ್ಲ ಕಾಲ. ಪ್ರಿನ್ಸಿಪಾಲರ ಕುರ್ಚಿಯ ಹಿಂದೆ ನಾವು ಕೈಕಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಹುಡುಗಿಯರದೇ ಒಂದು ದಂಡು ನಿಂತಿತ್ತು. ತಲೆಗೆ ದುಪಟ್ಟಾ ಬಿಗಿದವರು, ಬುರ್ಖಾದ ತೋಳು ಮೇಲೇರಿಸಿದವರು, ಎರಡು ಜಡೆಯವರು. ಕೈಯಲ್ಲಿ ಹಾಸ್ಟೆಲಿನ ಊಟದ ಸ್ಟೀಲ್ ತಟ್ಟೆ, ಚಮಚ. ಎದುರಾಳಿಯವರು ದೂರದ ಊರಿಂದ ಬಂದವರು. ಅವರ ಪರ ಒದರಲು ಮೈದಾನದ ಆ ತುದಿಯಲ್ಲಿ ಬೆರಳೆಣಿಕೆಯ ಹುಡುಗಿಯರಿದ್ದರು, ಬಸ್ಸಿನ ಡ್ರೈವರನನ್ನೂ ಸೇರಿಸಿಕೊಂಡು.

ನಾನು ಆ ತುದಿಗೆ ಹೋಗಿ ನಿಂತೆ. ಯಾಕೆಂದು ನನಗೂ ಗೊತ್ತಿಲ್ಲ. ಮೊದಲು ಗಂಟಲು ಸರಿಮಾಡಿಕೊಂಡು ಒಂದು ಸಲ ಒದರಿ ನೋಡಿದೆ. ಹೊರಬಂದದ್ದು ಗಾಳಿ, ಜೊತೆಗೆ ಸ್ವಲ್ಪ ಕೆಮ್ಮು. ಪಕ್ಕದಲ್ಲಿದ್ದ ಹುಡುಗಿ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಹೊರಗೆ ಕೂತ ಆಟಗಾರ್ತಿ ಇರಬೇಕು, ನನ್ನನ್ನೇ ನೋಡಿದಳು.

"ಕಾಕಾ, ನೀವು ಯಾರ ಪೈಕಿ?"

"ಯಾರ ಪೈಕೀನೂ ಅಲ್ಲವಾ. ಈ ಊರಾವ."

"ಮತ್ತ ಇಲ್ಯಾಕ ನಿಂತೀರಿ? ನಿಮ್ಮವರು ಅಲ್ಲಿ ಅದಾರಲ್ರಿ."

"ಅಲ್ಲಿ ಮಂದಿ ಭಾಳ ಅದಾರ. ಜಾಗ ಇಲ್ಲ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಪಕ್ಕದವಳ ಕೈಯಿಂದ ತಟ್ಟೆಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟು, ಚಮಚ ಸಿಗದೆ ಡ್ರೈವರನ ಬೀಗದ ಕೈ ಗೊಂಚಲನ್ನೇ ಇಸಿದುಕೊಂಡು ಕೊಟ್ಟಳು. ನಾನು ಶಕ್ತಿಮೀರಿ ಬಾರಿಸತೊಡಗಿದೆ. ಅಂಗಳದಲ್ಲಿ ಅವರ ಹುಡುಗಿ ಓಡುತ್ತ ಬಂದು ಕೂತವಳ ಬೆನ್ನ ಮೇಲೆ ಕೈ ಇಟ್ಟಳು. ಅಷ್ಟರಲ್ಲಿ ಬ್ಯಾಂಡೇಜಿನವಳು ನನ್ನ ತಟ್ಟೆಯನ್ನು ಗಪ್ಪನೆ ಹಿಡಿದು ನಿಲ್ಲಿಸಿದಳು.

"ಕಾಕಾ, ಖೋ ಅನ್ನೋಮುಂದ ಬಡೀಬ್ಯಾಡ್ರಿ. ಅಕಿಗಿ ಕೇಳಬೇಕಲ್ರಿ. ಅಂದ ಮ್ಯಾಲ ಬಡೀರಿ... ಹೂಂ, ಈಗ ಬಡೀರಿ!"